ಹುಡುಕುವ ಹೊಣೆ ಯಾರದು?
ಕಾಲೇಜು ಪ್ರವೇಶದ ದಿಕ್ಕು ತಿರುಗಿಸುವ ಕುರಿತು ಒಂದು ದತ್ತಿ ಉಪನ್ಯಾಸ



ಇವತ್ತಿನ ಮಾತಿಗೆ ನಾನು ಆರಿಸಿಕೊಂಡ ವಿಷಯ ಕಾಲೇಜು ಪ್ರವೇಶ. ಪ್ರವೇಶ ಎಂದ ಕೂಡಲೆ ನಮ್ಮ ಚರ್ಚೆ ಕಟ್-ಆಫ್, ಮೀಸಲಾತಿ, ಶುಲ್ಕ, ಸೀಟು ಹಂಚಿಕೆ ಇವುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಲ್ಲವೂ ಮುಖ್ಯವಾದವೇ. ಆದರೆ ಎಲ್ಲವೂ ಅರ್ಜಿ ಹಾಕಿದವರಿಗೆ ಸಂಬಂಧಿಸಿದ ಪ್ರಶ್ನೆಗಳು. ಅಂಕ ಇದ್ದೂ, ಆಸೆ ಇದ್ದೂ ಅರ್ಜಿಯನ್ನೇ ಹಾಕದೆ ಉಳಿದವರ ವಿಚಾರ ಯಾವ ಸಭೆಯ ಕಾರ್ಯಸೂಚಿಗೂ ಬರುವುದಿಲ್ಲ. ತಿರಸ್ಕೃತರ ಪಟ್ಟಿಯಲ್ಲೂ ಅವರ ಹೆಸರಿಲ್ಲ. ಅವರನ್ನು ಯಾರೂ ತಿರಸ್ಕರಿಸಿಯೇ ಇಲ್ಲವಲ್ಲ!

ನಾವು ಒಪ್ಪಿಕೊಂಡು ಬಂದಿರುವ ಕ್ರಮ ಇದು: ಕಾಲೇಜು ಇದ್ದಲ್ಲೇ ಇರುತ್ತದೆ, ವಿದ್ಯಾರ್ಥಿ ವಿಚಾರಿಸಿಕೊಂಡು, ಫಾರಂ ತುಂಬಿ, ಶುಲ್ಕ ಕಟ್ಟಿ, ದಾಖಲೆ ಹೊಂದಿಸಿಕೊಂಡು ಬಂದು ನಿಲ್ಲಬೇಕು. ಈ ಕ್ರಮವನ್ನು ತಿರುಗಿಸಿ, ಕಾಲೇಜೇ ವಿದ್ಯಾರ್ಥಿಯನ್ನು ಹುಡುಕಿಕೊಂಡು ಹೋದರೆ ಹೇಗೆ? ಅಮೆರಿಕದ ಕೆಲವು ರಾಜ್ಯಗಳು ಇದನ್ನು ಮಾಡಿ ನೋಡಿವೆ. ಅಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಮೊದಲು ನೋಡಿ, ಕೊನೆಗೆ ನಮ್ಮ ಊರಿನ ಮಾತಿಗೆ ಬರುತ್ತೇನೆ. ನನ್ನ ವಾದವನ್ನು ಈಗಲೇ ಹೇಳಿಬಿಡುತ್ತೇನೆ: ಹುಡುಕುವ ಹೊಣೆ ಸಂಸ್ಥೆಯದಾಗಬೇಕು, ಆರಿಸುವ ಹಕ್ಕು ವಿದ್ಯಾರ್ಥಿಯಲ್ಲೇ ಉಳಿಯಬೇಕು. ಎರಡರಲ್ಲಿ ಒಂದನ್ನು ಬಿಟ್ಟರೂ ಸುಧಾರಣೆ ಕೆಡುತ್ತದೆ.

1. ಅರ್ಜಿ ಯಾರನ್ನು ಸೋಸುತ್ತದೆ

ಅಮೆರಿಕದಲ್ಲಿ ಕಾಲೇಜಿಗೆ ಸೇರುವುದು ಒಂದು ವರ್ಷದ ಕೆಲಸ. ಹೈಸ್ಕೂಲಿನ ಕೊನೆಯ ವರ್ಷದ ಆರಂಭದಲ್ಲೇ ಕಾಲೇಜುಗಳ ಪಟ್ಟಿ ಮಾಡಬೇಕು. ಹಲವು ಕಾಲೇಜುಗಳಿಗೆ ಪ್ರಬಂಧ ಬರೆಯಬೇಕು, ಮೇಷ್ಟ್ರುಗಳಿಂದ ಶಿಫಾರಸು ಪತ್ರ ಪಡೆಯಬೇಕು, ಹಲವೆಡೆ 50ರಿಂದ 90 ಡಾಲರಿನವರೆಗೆ ಅರ್ಜಿ ಶುಲ್ಕ ಕಟ್ಟಬೇಕು. ಬಡವರಿಗೆ ಶುಲ್ಕ ವಿನಾಯಿತಿ ಉಂಟು, ಆದರೆ ಅದಕ್ಕೂ ಕೇಳಿಕೊಳ್ಳಬೇಕು. ನೆರವು ಬೇಕಾದರೆ ಎಫ್‌ಎಎಫ್‌ಎಸ್‌ಎ ಎಂಬ ಸರ್ಕಾರಿ ನಮೂನೆಯನ್ನು ಬೇರೆ ತುಂಬಬೇಕು. ಈ ನಮೂನೆಯನ್ನು ಸರಳ ಮಾಡುತ್ತೇವೆಂದು ಹೊರಟ ಸರ್ಕಾರ, ಹೊಸ ನಮೂನೆಯನ್ನು 2023ರ ಡಿಸೆಂಬರ್ ಕೊನೆಯವರೆಗೂ ಬಿಡುಗಡೆ ಮಾಡಲಾಗದೆ, ಆ ವರ್ಷದ ಇಡೀ ಪ್ರವೇಶ ಪಂಚಾಂಗವನ್ನೇ ಏರುಪೇರು ಮಾಡಿತು.

ಇದನ್ನೆಲ್ಲ ದಾರಿ ತೋರಿಸಿ ಮಾಡಿಸಲು ಶಾಲೆಗಳಲ್ಲಿ ಕೌನ್ಸೆಲರುಗಳಿರುತ್ತಾರೆ. ಒಬ್ಬ ಕೌನ್ಸೆಲರಿಗೆ 250 ವಿದ್ಯಾರ್ಥಿಗಳಿಗಿಂತ ಹೆಚ್ಚಿರಬಾರದೆಂದು ಅವರ ಸಂಘವೇ ಹೇಳುತ್ತದೆ. ರಾಷ್ಟ್ರದ ಸರಾಸರಿ ಅದನ್ನು ಎಂದೋ ಮೀರಿದೆ. ಅನುಕೂಲಸ್ಥರ ಮಕ್ಕಳಿಗೆ ಮನೆಯಲ್ಲೇ ಕಾಲೇಜು ಕಂಡ ತಂದೆ ತಾಯಿ ಇರುತ್ತಾರೆ, ಇಲ್ಲದಿದ್ದರೆ ದುಡ್ಡು ತೆಗೆದುಕೊಂಡು ಪ್ರಬಂಧ ತಿದ್ದಿಕೊಡುವ ಸಲಹೆಗಾರರು ಸಿಗುತ್ತಾರೆ. ಉಳಿದವರು ತಮ್ಮ ಪಾಡಿಗೆ ತಾವು.

ಇದರ ಫಲವನ್ನು ಅರ್ಥಶಾಸ್ತ್ರಜ್ಞರಾದ ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಕ್ರಿಸ್ಟೊಫರ್ ಏವರಿ 2012ರಲ್ಲಿ ಹೊರಬಂದ ಅಧ್ಯಯನದಲ್ಲಿ ತೋರಿಸಿಕೊಟ್ಟರು. ತುಂಬಾ ಚೆನ್ನಾಗಿ ಓದುವ ಬಡ ಮಕ್ಕಳಲ್ಲಿ ಬಹುಪಾಲು ಮಂದಿ ಒಳ್ಳೆಯ ಹೆಸರಿನ ಒಂದೇ ಒಂದು ಕಾಲೇಜಿಗೂ ಅರ್ಜಿ ಹಾಕುತ್ತಿರಲಿಲ್ಲ. ಅದೇ ಕಾಲೇಜುಗಳು ಇವರಿಗೆ ಧಾರಾಳವಾಗಿ ನೆರವು ಕೊಡುವ ಸ್ಥಿತಿಯಲ್ಲಿದ್ದವು. ಹತ್ತಿರದ ಸಾಮಾನ್ಯ ಕಾಲೇಜಿಗಿಂತ ಅಲ್ಲೇ ಕಡಿಮೆ ಖರ್ಚಿನಲ್ಲಿ ಓದಬಹುದಿತ್ತು. ಹಾಗಾದರೆ ಕಾಲೇಜುಗಳಿಗೆ ಇವರು ಏಕೆ ಸಿಗಲಿಲ್ಲ? ಕಾಲೇಜಿನ ಪ್ರತಿನಿಧಿಗಳು ದೊಡ್ಡ ನಗರಗಳ ಹೆಸರಾಂತ ಶಾಲೆಗಳಿಗೆ ಹೋಗುತ್ತಿದ್ದರು. ಈ ಮಕ್ಕಳು ಸಣ್ಣ ಊರುಗಳಲ್ಲಿ, ಒಂದು ಶಾಲೆಗೆ ಒಬ್ಬರೋ ಇಬ್ಬರೋ ಎಂಬಂತೆ ಚದುರಿಹೋಗಿದ್ದರು.

ಅರ್ಜಿ ಜಾಣತನವನ್ನು ಅಳೆಯುತ್ತದೆಂದು ನಾವು ನಂಬಿದ್ದೇವೆ. ಮನೆಯ ಅನುಕೂಲ, ಸಲಹೆ ಕೊಡುವವರ ಲಭ್ಯತೆ, ಕಚೇರಿಗಳ ಜೊತೆ ವ್ಯವಹರಿಸುವ ಧೈರ್ಯ ಇವನ್ನೂ ಅದು ಅಳೆಯುತ್ತದೆ. ಪ್ರವೇಶದ ಮೊದಲ ಪರೀಕ್ಷೆ ಅಲ್ಲೇ ನಡೆದುಹೋಗುತ್ತದೆ, ಅದರ ಫಲಿತಾಂಶ ಮಾತ್ರ ಎಲ್ಲೂ ಪ್ರಕಟವಾಗುವುದಿಲ್ಲ.

2. ಆಟಗಾರನಿಗೆ ಒಂದು ನ್ಯಾಯ

ಕಾಲೇಜುಗಳಿಗೆ ಹುಡುಕಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ವಿಶ್ವವಿದ್ಯಾಲಯಗಳು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಹುಡುಕುವುದರಲ್ಲಿ ಎತ್ತಿದ ಕೈ. ಕೋಚುಗಳು ಊರೂರು ಅಲೆಯುತ್ತಾರೆ, ಶಾಲೆಯ ಮೈದಾನದಲ್ಲಿ ಕೂತು ಆಟ ನೋಡುತ್ತಾರೆ, ಹುಡುಗನ ಮನೆಗೆ ಹೋಗಿ ಅವನ ತಾಯಿಯ ಜೊತೆ ಊಟಕ್ಕೆ ಕೂರುತ್ತಾರೆ. 1964ರಿಂದ 2024ರವರೆಗೆ ಆಟಗಾರ ಮತ್ತು ಕಾಲೇಜಿನ ನಡುವೆ ಸಹಿ ಹಾಕಿಸುವ ಒಂದು ರಾಷ್ಟ್ರೀಯ ಒಪ್ಪಂದ ಪತ್ರವೇ ಚಾಲ್ತಿಯಲ್ಲಿತ್ತು. ಚೆಂಡು ಎಸೆಯುವ ಕೈಗಾಗಿ ಸಾವಿರ ಮೈಲಿ ಪ್ರಯಾಣ ಮಾಡುವ ಸಂಸ್ಥೆಗೆ, ಅದೇ ಶಾಲೆಯಲ್ಲಿ ಗಣಿತ ಬಿಡಿಸುವ ಹುಡುಗಿಯ ಮನೆಯ ದಾರಿ ಗೊತ್ತಿಲ್ಲ ಎಂದರೆ ಹೇಗೆ? ಗೊತ್ತಿಲ್ಲದ್ದಲ್ಲ, ಅಗತ್ಯ ಕಂಡಿಲ್ಲ.

ಇನ್ನೊಂದು ಬಗೆಯ ಹುಡುಕಾಟವೂ ಅಲ್ಲಿದೆ, ಅದು ಇನ್ನೂ ವಿಚಿತ್ರ. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ 1970ರ ದಶಕದಿಂದ ವಿದ್ಯಾರ್ಥಿಗಳ ಹೆಸರು, ವಿಳಾಸಗಳನ್ನು ಕಾಲೇಜುಗಳಿಗೆ ಹಣಕ್ಕೆ ಒದಗಿಸುತ್ತ ಬಂತು. 2019ರಲ್ಲಿ ಒಂದು ಹೆಸರಿನ ಬೆಲೆ ಅರ್ಧ ಡಾಲರಿಗಿಂತ ತುಸು ಕಡಿಮೆ ಇತ್ತು. ಈ ಹೆಸರುಗಳನ್ನು ಕೊಂಡ ಕಾಲೇಜುಗಳು ಮಕ್ಕಳಿಗೆ ಬಣ್ಣಬಣ್ಣದ ಕೈಪಿಡಿ ಕಳಿಸಿ, ಅರ್ಜಿ ಹಾಕಿ ಎಂದು ದುಂಬಾಲು ಬೀಳುತ್ತವೆ. ಇವುಗಳಲ್ಲಿ ಕೆಲವಕ್ಕೆ ಆ ಮಕ್ಕಳನ್ನು ಸೇರಿಸಿಕೊಳ್ಳುವ ಇರಾದೆಯೇ ಇರುವುದಿಲ್ಲ. ಹೆಚ್ಚು ಅರ್ಜಿ ಬಂದಷ್ಟೂ ಹೆಚ್ಚು ಮಂದಿಯನ್ನು ನಿರಾಕರಿಸಬಹುದು, ನಿರಾಕರಿಸಿದಷ್ಟೂ ‘ಇದು ಸುಲಭಕ್ಕೆ ಸಿಗುವ ಕಾಲೇಜಲ್ಲ’ ಎಂಬ ಹೆಸರು ಬರುತ್ತದೆ. ಅರ್ಜಿಯನ್ನು ಬೇಡಿ ಪಡೆದು, ಅರ್ಜಿದಾರನನ್ನು ಹೊರಗಿಡುವ ಕ್ರಮ ಇದು. ನಾನು ಹೇಳುತ್ತಿರುವ ಹುಡುಕಾಟ ಇದಲ್ಲವೆಂದು ಸ್ಪಷ್ಟಪಡಿಸಬೇಕು. ಅರ್ಜಿ ಹಾಕು ಎಂದು ಕರೆಯುವುದು ಒಂದು, ಸೀಟು ಕೊಟ್ಟಿದ್ದೇವೆ ಬಾ ಎಂದು ಕರೆಯುವುದು ಇನ್ನೊಂದು.

3. ಐಡಾಹೊ ಕಳಿಸಿದ ಪತ್ರ

ಸೀಟು ಕೊಟ್ಟಿದ್ದೇವೆ ಬಾ ಎಂದು ಕರೆದ ಮೊದಲ ರಾಜ್ಯ ಐಡಾಹೊ. ಆಲೂಗಡ್ಡೆ ಬೆಳೆಗೆ ಹೆಸರಾದ, 20 ಲಕ್ಷದ ಆಸುಪಾಸು ಜನಸಂಖ್ಯೆಯ, ಬೆಟ್ಟಗುಡ್ಡಗಳ ರಾಜ್ಯ ಅದು. ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗುವವರ ಪ್ರಮಾಣದಲ್ಲಿ ಇಡೀ ದೇಶದಲ್ಲಿ ಕೆಳಗಿನ ಸಾಲಿನಲ್ಲಿತ್ತು. ಅಲ್ಲಿನ ರಾಜ್ಯ ಶಿಕ್ಷಣ ಮಂಡಳಿಗೆ ಶಾಲೆ, ಕಾಲೇಜು ಎರಡರ ಉಸ್ತುವಾರಿಯೂ ಇದ್ದುದರಿಂದ ಒಂದು ಸರಳ ವಿಷಯ ಹೊಳೆಯಿತು: ಮಕ್ಕಳ ಅಂಕ ನಮ್ಮ ಹತ್ತಿರವೇ ಇದೆ, ಕಾಲೇಜುಗಳ ಅರ್ಹತಾ ನಿಯಮವೂ ನಮ್ಮ ಹತ್ತಿರವೇ ಇದೆ, ಮತ್ತೆ ಅರ್ಜಿ ಏಕೆ?

2015ರ ಶರತ್ಕಾಲದಲ್ಲಿ ಸರ್ಕಾರಿ ಹೈಸ್ಕೂಲುಗಳ ಕೊನೆಯ ವರ್ಷದ ಮಕ್ಕಳ ಮನೆಗಳಿಗೆ ಪತ್ರ ಹೋಯಿತು. ಅಂಕ ಚೆನ್ನಾಗಿದ್ದವರಿಗೆ ರಾಜ್ಯದ ಎಂಟೂ ಸಾರ್ವಜನಿಕ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಸಿಕ್ಕಿದೆ ಎಂದು. ಉಳಿದವರಿಗೆ ಆರರಲ್ಲಿ ಸಿಕ್ಕಿದೆ ಎಂದು. ಯಾರಿಗೂ ‘ಇಲ್ಲ’ ಎಂಬ ಪತ್ರ ಹೋಗಲಿಲ್ಲ. ಈ ಕೊನೆಯ ಸಂಗತಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಕಾಲೇಜು ತನ್ನಂಥವನಿಗಲ್ಲ ಎಂದುಕೊಂಡಿದ್ದ ಹುಡುಗನಿಗೆ ಸರ್ಕಾರವೇ ಮುದ್ರೆಯೊತ್ತಿ, ನೀನು ಅರ್ಹ ಎಂದು ಬರೆದುಕೊಟ್ಟಿತು. ಮುಂದೆ 2017ರಲ್ಲಿ, ಎಲ್ಲ ಸಾರ್ವಜನಿಕ ಕಾಲೇಜಿಗೂ ಶುಲ್ಕವಿಲ್ಲದ ಒಂದೇ ನಮೂನೆಯೂ ಬಂತು.

ಜೆನಿಫರ್ ಡಿಲೇನಿ ಮತ್ತು ಟೇಲರ್ ಓಡ್ಲ್ ಎಂಬ ಸಂಶೋಧಕರು ಇದರ ಪರಿಣಾಮವನ್ನು ಲೆಕ್ಕ ಹಾಕಿದರು. ಮೊದಲ ವರ್ಷದ ದಾಖಲಾತಿ ಶೇ. 4ರಿಂದ 8ರಷ್ಟು ಏರಿತ್ತು, ಅಂದರೆ ಸರಾಸರಿ ಒಂದು ಕ್ಯಾಂಪಸ್ಸಿಗೆ 50ರಿಂದ 100 ವಿದ್ಯಾರ್ಥಿಗಳು. ರಾಜ್ಯದ ಮಕ್ಕಳು ರಾಜ್ಯದಲ್ಲೇ ಓದುವುದು ಇನ್ನೂ ಹೆಚ್ಚಾಗಿತ್ತು. ಅಂಚೆ ಚೀಟಿಯ ಖರ್ಚಿಗೆ ಇದು ಕಡಿಮೆ ಫಲವೇನಲ್ಲ.

ಆದರೆ ಅದೇ ಅಧ್ಯಯನ ಕಹಿಯಾದ ಇನ್ನೊಂದು ಮಾತನ್ನೂ ಹೇಳಿತು. ಹೆಚ್ಚಳವೆಲ್ಲ ಮುಖ್ಯವಾಗಿ ಎರಡು ವರ್ಷದ ಕೋರ್ಸಿನ ಸಮುದಾಯ ಕಾಲೇಜುಗಳಲ್ಲಾಗಿತ್ತು. ಕೇಂದ್ರದ ಪೆಲ್ ಅನುದಾನಕ್ಕೆ ಅರ್ಹರಾದ ಬಡ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ಮುಂದೆ ಅದೇ ಸಂಶೋಧಕರು ಕಾಮನ್ ಆ್ಯಪ್ ಎಂಬ ಸಾಮಾನ್ಯ ಅರ್ಜಿ ಸಂಸ್ಥೆಯ ಜೊತೆಗೂಡಿ, ನಾಲ್ಕು ರಾಜ್ಯಗಳ ಆರು ವಿಶ್ವವಿದ್ಯಾಲಯಗಳನ್ನು ಸೇರಿಸಿಕೊಂಡು ಸುಮಾರು 35,000 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಮೊದಲೇ ಪ್ರವೇಶ ಸಿಕ್ಕಿದೆ ಎಂಬ ಪತ್ರ ಪಡೆದವರು ಅರ್ಜಿ ಹಾಕುವುದು ಹೆಚ್ಚಾಯಿತು, ಅದರಲ್ಲೂ ಬಡವರು, ಕರಿಯರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತುವವರು ಹೆಚ್ಚು. ಕಾಲೇಜಿಗೆ ಸೇರುವುದು ಮಾತ್ರ ಹೆಚ್ಚಾಗಲಿಲ್ಲ.

ಪತ್ರ ಭಯ ಕಳೆಯಿತು, ಖರ್ಚು ಕಳೆಯಲಿಲ್ಲ. ಬಾ ಎಂದವರು ಎಷ್ಟು ಬೀಳುತ್ತದೆ ಎಂದು ಹೇಳಿರಲಿಲ್ಲ.

4. ಖರ್ಚಿನ ಮಾತನ್ನು ಮೊದಲೇ ಆಡಿದ ಮಿಶಿಗನ್

ಈ ಕೊರತೆಯನ್ನು ತುಂಬಿದ್ದು ಮಿಶಿಗನ್ ವಿಶ್ವವಿದ್ಯಾಲಯದ ಪ್ರಯೋಗ. ಆ್ಯನ್ ಆರ್ಬರ್‌ನಲ್ಲಿರುವ ಆ ವಿಶ್ವವಿದ್ಯಾಲಯ ದೇಶದ ಶ್ರೇಷ್ಠ ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದು. ಅಲ್ಲಿ ಶ್ರೀಮಂತರ ಮಕ್ಕಳೇ ತುಂಬಿದ್ದಾರೆ ಎಂಬ ದೂರು ಹಳೆಯದು. 2015ರಲ್ಲಿ ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿ ಮತ್ತು ಅವರ ಜೊತೆಗಾರರು, ವಿಶ್ವವಿದ್ಯಾಲಯದೊಂದಿಗೆ ಸೇರಿ ಒಂದು ಕೆಲಸ ಮಾಡಿದರು. ಬಡ ಕುಟುಂಬದ, ಚೆನ್ನಾಗಿ ಓದುವ ಮಕ್ಕಳನ್ನು ರಾಜ್ಯದ ದಾಖಲೆಗಳಿಂದ ಗುರುತಿಸಿದರು. ಬಡವರೆಂದು ಗೊತ್ತಾದದ್ದು ಹೇಗೆ? ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ದರದ ಊಟಕ್ಕೆ ಅರ್ಹರಾಗಿದ್ದರು ಎಂಬ ದಾಖಲೆಯಿಂದ. ಅಂದರೆ ವಿದ್ಯಾರ್ಥಿ ಹೊಸದಾಗಿ ಏನನ್ನೂ ರುಜುವಾತು ಮಾಡಬೇಕಾಗಿರಲಿಲ್ಲ.

ಆ ಮಕ್ಕಳಿಗೆ ವಿಶ್ವವಿದ್ಯಾಲಯದ ಬಣ್ಣಗಳಲ್ಲಿ ಅಚ್ಚಾದ ಒಂದು ದಪ್ಪ ಲಕೋಟೆ ಹೋಯಿತು. ಪೋಷಕರಿಗೂ ಪತ್ರ, ಶಾಲೆಯ ಮುಖ್ಯೋಪಾಧ್ಯಾಯರಿಗೂ ಸುದ್ದಿ. ವಿಷಯ ಇಷ್ಟೇ: ಅರ್ಜಿ ಹಾಕಿ, ಪ್ರವೇಶ ಸಿಕ್ಕಿದರೆ ನಾಲ್ಕು ವರ್ಷದ ಬೋಧನಾ ಶುಲ್ಕ ಸಂಪೂರ್ಣ ಮಾಫಿ, ಅದಕ್ಕಾಗಿ ಯಾವ ನೆರವಿನ ನಮೂನೆಯನ್ನೂ ತುಂಬಬೇಕಿಲ್ಲ. ಪತ್ರ ಪಡೆದವರಲ್ಲಿ ಶೇ. 68ರಷ್ಟು ಮಂದಿ ಅರ್ಜಿ ಹಾಕಿದರು. ಪತ್ರ ಪಡೆಯದ, ಅಂಥದೇ ಹಿನ್ನೆಲೆಯ ಮಕ್ಕಳಲ್ಲಿ ಹಾಕಿದವರು ಶೇ. 26. ಅಲ್ಲಿಗೆ ಸೇರಿದವರು ಶೇ. 27, ಪತ್ರವಿಲ್ಲದವರಲ್ಲಿ ಶೇ. 12. ಹೀಗೆ ಹೆಚ್ಚಾದ 15 ಶೇಕಡಾಂಶಗಳಲ್ಲಿ 4, ಪತ್ರ ಬಾರದಿದ್ದರೆ ಯಾವ ಕಾಲೇಜಿಗೂ ಹೋಗದೆ ಉಳಿಯುತ್ತಿದ್ದವರದು.

ಈ ಪ್ರಯೋಗದ ಸೊಗಸು ಎಲ್ಲಿದೆ ಗೊತ್ತೆ? ಆ ಮಕ್ಕಳಲ್ಲಿ ಹೆಚ್ಚಿನವರಿಗೆ, ಮಾಮೂಲಿ ಹಾದಿಯಲ್ಲಿ ಬಂದು ಎಲ್ಲ ನಮೂನೆ ತುಂಬಿದ್ದರೂ, ಹೆಚ್ಚು ಕಡಿಮೆ ಅಷ್ಟೇ ನೆರವು ಸಿಗುತ್ತಿತ್ತು. ವಿಶ್ವವಿದ್ಯಾಲಯದ ಬೊಕ್ಕಸದಿಂದ ಹೊಸದಾಗಿ ಹೋದ ದುಡ್ಡು ಅಲ್ಪ. ಬದಲಾದದ್ದು ನೆರವಿನ ಮೊತ್ತವಲ್ಲ, ಭರವಸೆ ಕೊಟ್ಟ ಸಮಯ. ಮೊದಲು ಸೇರು, ಆಮೇಲೆ ನೋಡೋಣ ಎನ್ನುತ್ತಿದ್ದವರು, ಮೊದಲೇ ಮಾತು ಕೊಟ್ಟರು. ಬಡ ಮನೆಯಲ್ಲಿ ‘ಆಮೇಲೆ ನೋಡೋಣ’ ಎಂಬುದಕ್ಕೆ ‘ಇಲ್ಲ’ ಎಂದೇ ಅರ್ಥ.

ಬರೀ ಮಾಹಿತಿ ಕೊಟ್ಟರೆ ಸಾಲದೆ? ಅದನ್ನೂ ನೋಡಿಯಾಗಿದೆ. ಯಾವ ಕಾಲೇಜಿಗೆ ಎಷ್ಟು ಖರ್ಚು, ಹೇಗೆ ಅರ್ಜಿ ಹಾಕಬೇಕು ಎಂಬ ವಿವರಗಳನ್ನು ಕಾಲೇಜ್ ಬೋರ್ಡ್ ಲಕ್ಷಗಟ್ಟಲೆ ಮಕ್ಕಳಿಗೆ ಕಳಿಸಿದಾಗ, ಅವರು ಸೇರುವ ಕಾಲೇಜಿನಲ್ಲಿ ಗಮನಾರ್ಹ ವ್ಯತ್ಯಾಸವೇನೂ ಕಾಣಲಿಲ್ಲ. ಕೈಪಿಡಿ ಸಲಹೆ ಕೊಡುತ್ತದೆ, ಭರವಸೆ ಕೊಡುವುದಿಲ್ಲ.

ಟೆಕ್ಸಸ್ ಹಿಡಿದದ್ದು ಇನ್ನೊಂದು ದಾರಿ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದೆಂದು ಹಾಪ್‌ವುಡ್ ಪ್ರಕರಣದಲ್ಲಿ 1996ರಲ್ಲಿ ತೀರ್ಪು ಬಂದ ಮೇಲೆ, ಮರುವರ್ಷ ಅಲ್ಲಿನ ಶಾಸನಸಭೆ ಒಂದು ಕಾನೂನು ಮಾಡಿತು: ರಾಜ್ಯದ ಯಾವುದೇ ಹೈಸ್ಕೂಲಿನಲ್ಲಿ ಮೊದಲ ಶೇ. 10ರೊಳಗೆ ಬಂದವರಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಖಾತರಿ. ಶಾಲೆ ಹೂಸ್ಟನ್ನಿನ ಶ್ರೀಮಂತ ಬಡಾವಣೆಯದ್ದಾಗಲಿ, ಮೆಕ್ಸಿಕೊ ಗಡಿಯದ್ದಾಗಲಿ, ಅಳತೆ ಒಂದೇ. ಆದರೆ ಬರೀ ಖಾತರಿಯಿಂದ, ಅದುವರೆಗೆ ಯಾರನ್ನೂ ಕಳಿಸದ ಶಾಲೆಗಳಿಂದ ಮಕ್ಕಳು ಬರಲಿಲ್ಲ. ಆಸ್ಟಿನ್ನಿನ ವಿಶ್ವವಿದ್ಯಾಲಯ ಅಂಥ ಶಾಲೆಗಳನ್ನೇ ಆರಿಸಿ, ವಿದ್ಯಾರ್ಥಿವೇತನ ಹಿಡಿದು ಅಲ್ಲಿಗೆ ಹೋಗಬೇಕಾಯಿತು. ಖಾತರಿ, ಖರ್ಚು, ಖುದ್ದು ಭೇಟಿ ಮೂರೂ ಕೂಡಿದಾಗ ಕೆಲಸವಾಯಿತು.

5. ಗಣಿತದ ಎಚ್ಚರಿಕೆ

ಇಲ್ಲಿ ನನ್ನ ವಾದಕ್ಕೇ ಎದುರಾಗುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಗಣಿತಜ್ಞರು 1962ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಅದರ ವಿಷಯವೇ ಕಾಲೇಜು ಪ್ರವೇಶ ಮತ್ತು ಮದುವೆ. ಗಂಡಿನ ಕಡೆಯವರು ತಮಗೆ ಇಷ್ಟವಾದ ಕ್ರಮದಲ್ಲಿ ಒಬ್ಬೊಬ್ಬ ಹೆಣ್ಣನ್ನು ಕೇಳುತ್ತಾ ಹೋಗುತ್ತಾರೆ. ಹೆಣ್ಣಿನ ಕಡೆಯವರು ಬಂದ ಸಂಬಂಧಗಳಲ್ಲಿ ಒಳ್ಳೆಯದೊಂದನ್ನು ಹಿಡಿದಿಟ್ಟುಕೊಂಡು ಉಳಿದವನ್ನು ಬಿಡುತ್ತಾರೆ. ಇನ್ನೂ ಒಳ್ಳೆಯದು ಬಂದರೆ ಹಿಡಿದದ್ದನ್ನೂ ಬಿಡುತ್ತಾರೆ. ಕೊನೆಗೆ ಕೂಡುವ ಜೋಡಿಗಳು ಸ್ಥಿರವಾಗಿರುತ್ತವೆ, ತಮ್ಮ ಜೋಡಿಯನ್ನು ಬಿಟ್ಟು ಪರಸ್ಪರ ಕೂಡಿಕೊಂಡು ಓಡಿಹೋಗಲು ಯಾವ ಇಬ್ಬರಿಗೂ ಕಾರಣ ಇರುವುದಿಲ್ಲ ಎಂದು ಅವರು ಸಾಧಿಸಿದರು. ನಾವು ಹೆಣ್ಣು ನೋಡುವ ಶಾಸ್ತ್ರ ಮಾಡುವವರಿಗೆ ಇದು ಬೇಗ ಅರ್ಥವಾಗಬೇಕು.

ಆದರೆ ಆ ಲೆಕ್ಕದಲ್ಲಿ ಒಂದು ಮರ್ಮ ಇದೆ. ಸಾಧ್ಯವಿರುವ ಸ್ಥಿರ ಜೋಡಿಗಳಲ್ಲಿ, ಕೇಳಿಕೊಂಡು ಹೋದ ಪಕ್ಷಕ್ಕೇ ಅತ್ಯುತ್ತಮವಾದದ್ದು ದಕ್ಕುತ್ತದೆ. ಕೇಳಿಸಿಕೊಂಡ ಪಕ್ಷಕ್ಕೆ ಅಷ್ಟು ಒಳ್ಳೆಯದು ದಕ್ಕುವುದಿಲ್ಲ. ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಹೊಸ ವೈದ್ಯರನ್ನು ಆಸ್ಪತ್ರೆಗಳಿಗೆ ಹೊಂದಿಸುವ ರಾಷ್ಟ್ರೀಯ ವ್ಯವಸ್ಥೆ 1952ರಿಂದ ನಡೆಯುತ್ತಿದೆ. ಅದು ಆಸ್ಪತ್ರೆಗಳೇ ಕೇಳಿಕೊಂಡು ಹೋಗುವ ಮಾದರಿಯದೆಂದು ಆಲ್ವಿನ್ ರಾತ್ ತೋರಿಸಿಕೊಟ್ಟರು. ಮುಂದೆ ಅವರ ನೆರವಿನಿಂದಲೇ, 1998ರಿಂದ, ವೈದ್ಯರೇ ಕೇಳಿಕೊಂಡು ಹೋಗುವಂತೆ ವ್ಯವಸ್ಥೆಯನ್ನು ತಿರುಗಿಸಲಾಯಿತು. ಶೇಪ್ಲಿ ಮತ್ತು ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಹಾಗಾದರೆ ಕಾಲೇಜು ಹುಡುಕಿಕೊಂಡು ಹೋಗಲಿ ಎನ್ನುವುದು ಕಾಲೇಜಿಗೇ ಲಾಭ ಮಾಡಿಕೊಟ್ಟಂತಲ್ಲವೆ? ಪೈಪೋಟಿ ಇರುವ ಸೀಟುಗಳ ಮಟ್ಟಿಗೆ ಈ ಎಚ್ಚರಿಕೆ ನಿಜ. ವೈದ್ಯಕೀಯ ಸೀಟಿನಲ್ಲಿ, ಎಂಜಿನಿಯರಿಂಗಿನ ಬೇಡಿಕೆಯ ಶಾಖೆಗಳಲ್ಲಿ, ವಿದ್ಯಾರ್ಥಿಯ ಆದ್ಯತಾ ಪಟ್ಟಿಯಿಂದಲೇ ಹಂಚಿಕೆ ಶುರುವಾಗಬೇಕು. ನಮ್ಮಲ್ಲಿ 1994ರಿಂದ ನಡೆಯುತ್ತಿರುವ ಸಿಇಟಿ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ತನ್ನ ಆಪ್ಷನ್‌ಗಳನ್ನು ನಮೂದಿಸುತ್ತಾನೆ, ರ‍್ಯಾಂಕಿನ ಪ್ರಕಾರ ಸೀಟು ಸಿಗುತ್ತದೆ. ಅದನ್ನು ಕೆಡಿಸಿ ಕಾಲೇಜುಗಳ ಮರ್ಜಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಗೇಲ್ ಮತ್ತು ಶೇಪ್ಲಿಯ ಲೆಕ್ಕದಲ್ಲಿ ಪ್ರತಿ ವಿದ್ಯಾರ್ಥಿಯೂ ಈಗಾಗಲೇ ಪಟ್ಟಿ ಹಿಡಿದು ನಿಂತಿರುತ್ತಾನೆ. ನಾನು ಮಾತಾಡುತ್ತಿರುವುದು ಪಟ್ಟಿಯನ್ನೇ ಮಾಡದವರ ಬಗ್ಗೆ. ಅವರನ್ನು ಲೆಕ್ಕದೊಳಗೆ ತರುವುದು ಸಂಸ್ಥೆಯ ಕೆಲಸ. ತಂದ ಮೇಲೆ ಆಯ್ಕೆ ಅವರದು. ಅದಕ್ಕೇ ಒಂದೇ ಕಾಲೇಜಿನ ಆಹ್ವಾನ ಸಾಲದು; ಐಡಾಹೊದಂತೆ ಹಲವು ಕಾಲೇಜುಗಳ ಆಹ್ವಾನ ಒಂದೇ ಪತ್ರದಲ್ಲಿರಬೇಕು, ಯೋಚಿಸಲು ಸಮಯವೂ ಇರಬೇಕು.

ಹುಡುಕಾಟ ಬೇಟೆಯಾಗಿಬಿಟ್ಟ ಉದಾಹರಣೆಯೂ ಅಮೆರಿಕದಲ್ಲೇ ಇದೆ. ಲಾಭಕ್ಕಾಗಿ ನಡೆಯುವ ಕಾಲೇಜು ಸರಪಳಿಗಳು ಬಡವರನ್ನು, ಒಂಟಿ ತಾಯಂದಿರನ್ನು, ಸೈನ್ಯದಿಂದ ನಿವೃತ್ತರಾದವರನ್ನು ಫೋನಿನ ಮೇಲೆ ಫೋನು ಮಾಡಿ ಸೇರಿಸಿಕೊಂಡವು. ಕೇಂದ್ರದ ಸಾಲದ ಹಣ ಶುಲ್ಕವಾಗಿ ಅವುಗಳ ಕೈ ಸೇರಿತು, ಸಾಲ ವಿದ್ಯಾರ್ಥಿಯ ತಲೆಗೆ ಬಂತು. ಸೆನೆಟರ್ ಟಾಮ್ ಹಾರ್ಕಿನ್ ಅವರ ಸಮಿತಿ 2012ರ ವರದಿಯಲ್ಲಿ ಇದನ್ನು ಬಿಡಿಸಿಟ್ಟಿತು. ಕೊರಿಂಥಿಯನ್ ಕಾಲೇಜುಗಳು 2015ರಲ್ಲಿ, ಐಟಿಟಿ ಟೆಕ್ 2016ರಲ್ಲಿ ಮುಚ್ಚಿದವು. ಸೇರಿಸಿದ ತಲೆಗೆ ಇಷ್ಟು ಎಂದು ಕಮಿಷನ್ ಕೊಡಬಾರದೆಂಬ ಕಾನೂನು 1992ರಿಂದಲೇ ಅಲ್ಲಿದ್ದರೂ ಹೀಗಾಯಿತು. ಯಾರು ಹುಡುಕುತ್ತಿದ್ದಾರೆ, ಯಾರ ಲಾಭಕ್ಕೆ ಹುಡುಕುತ್ತಿದ್ದಾರೆ ಎಂದು ಕೇಳದೆ ಹುಡುಕಾಟವನ್ನು ಹೊಗಳಲಾಗದು.

ಈಗ ಅಮೆರಿಕದ ಹಲವು ರಾಜ್ಯಗಳು, ಅರ್ಜಿಗೆ ಕಾಯದೆ ಸೀಟು ಕೊಡುವ ‘ನೇರ ಪ್ರವೇಶ’ದತ್ತ ವಾಲುತ್ತಿರುವುದಕ್ಕೂ ಕಾರಣ ಬರೀ ಕರುಣೆಯಲ್ಲ. ಅಲ್ಲಿನ ಜನನ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಇಳಿಯಿತು. ಅದಕ್ಕೆ 18 ಕೂಡಿಸಿದರೆ 2025. ಹದಿನೆಂಟು ತುಂಬುವವರೇ ಕಡಿಮೆಯಾಗುತ್ತಿದ್ದಾರೆ, ಕಾಲೇಜುಗಳಲ್ಲಿ ಬೆಂಚುಗಳು ಖಾಲಿಯಾಗುತ್ತಿವೆ. ಕಾರಣ ಏನೇ ಇರಲಿ, ವಿದ್ಯಾರ್ಥಿಗೆ ಒಳ್ಳೆಯದಾಗುವಂತೆ ಆ ಅಗತ್ಯವನ್ನು ಕಟ್ಟಿಹಾಕುವುದು ನೀತಿ ಮಾಡುವವರ ಕೆಲಸ.

6. ನಮ್ಮಲ್ಲಿ

ಇಷ್ಟು ಹೊತ್ತು ಅಮೆರಿಕದ ಕತೆ ಕೇಳಿದಿರಿ. ಹುಡುಕಿಕೊಂಡು ಹೋಗಿ ಓದಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಸ್ಥಾಪಿಸಿ, 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಹುಡುಗರೂ ಕೂಡಿ ಉಣ್ಣುವ ವಸತಿ ನಿಲಯ ನಡೆಸಿದರು. ಹಳ್ಳಿಗಳಿಗೆ ತಾವೇ ಹೋಗಿ ಹುಡುಗರನ್ನು ಕರೆತಂದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಭಿಕ್ಷೆಯ ಧಾನ್ಯದಿಂದ ಪ್ರಸಾದ ನಿಲಯ ನಡೆಸಿದ್ದು, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು ಓದಿದ್ದು, ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ಮಕ್ಕಳಿಗೆ ಉಚಿತ ಹಾಸ್ಟೆಲು ತೆರೆದದ್ದು ನಿಮಗೆ ಗೊತ್ತಿರುವ ವಿಷಯ. ಇವರೆಲ್ಲ ಅನ್ನ, ವಸತಿಯ ಮಾತನ್ನು ಮೊದಲು ಆಡಿ, ಓದಿನ ಮಾತನ್ನು ಆಮೇಲೆ ಆಡಿದರು. ಮಿಶಿಗನ್ ವಿಶ್ವವಿದ್ಯಾಲಯ 2015ರಲ್ಲಿ ಕಂಡುಕೊಂಡದ್ದೂ ಇದನ್ನೇ.

ಇವತ್ತು ನಮ್ಮಲ್ಲಿ ಹುಡುಕಾಟ ನಡೆಯುತ್ತಿಲ್ಲವೆ? ಜೋರಾಗಿಯೇ ನಡೆಯುತ್ತಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆಯೇ 620ರ ಮೇಲೆ ಅಂಕ ಪಡೆದವರ ಮನೆಗೆ ಖಾಸಗಿ ಪಿಯು ಕಾಲೇಜುಗಳಿಂದ ಫೋನು ಬರುತ್ತದೆ. ಶುಲ್ಕ ಬೇಡ, ಹಾಸ್ಟೆಲು ಫ್ರೀ, ನಿಮ್ಮ ಮಗಳ ಫೋಟೊ ನಮ್ಮ ಹೋರ್ಡಿಂಗಿಗೆ ಬೇಕು. 380 ಅಂಕ ಪಡೆದವನಿಗೆ ಯಾರೂ ಫೋನು ಮಾಡುವುದಿಲ್ಲ. ಹುಡುಕಿಕೊಂಡು ಬರುವವರ ಅಗತ್ಯ ಇಲ್ಲದವರನ್ನೇ ಎಲ್ಲರೂ ಹುಡುಕುತ್ತಿದ್ದಾರೆ.

ಇನ್ನೊಂದು ಬಗೆಯವರು ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಉಪನ್ಯಾಸಕರು. ದಾಖಲಾತಿ ಕುಸಿದ ಕಡೆ ಕರಪತ್ರ ಹಿಡಿದು ಹಳ್ಳಿ ಸುತ್ತುವವರು ಇವರಲ್ಲಿ ಇದ್ದಾರೆ. ವಿದ್ಯಾರ್ಥಿಗಳು ಕಡಿಮೆಯಾದರೆ ಕಾರ್ಯಭಾರ ಕಡಿಮೆ, ಕಾರ್ಯಭಾರ ಕಡಿಮೆಯಾದರೆ ಅತಿಥಿ ಉಪನ್ಯಾಸಕರ ಅನ್ನಕ್ಕೆ ಕುತ್ತು. ಅವರ ಶ್ರಮ ಪ್ರಾಮಾಣಿಕವಾದದ್ದು. ಆದರೆ ಕೈಯಲ್ಲಿ ಪಟ್ಟಿ ಇಲ್ಲ. ಯಾವ ಮನೆಯಲ್ಲಿ ಪಿಯುಸಿ ಮುಗಿಸಿ ಕೂತ ಹುಡುಗಿ ಇದ್ದಾಳೆಂದು ಅವರಿಗೆ ಗೊತ್ತಿಲ್ಲ.

ಆ ಪಟ್ಟಿ ಸರ್ಕಾರದ ಬಳಿ ಇದೆ. ಶಾಲೆಗೆ ಸೇರಿದ ಮಗುವಿಗೆ ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯ ನಂಬರು ಇದೆ. ಅಂಕ ಪರೀಕ್ಷಾ ಮಂಡಳಿಯಲ್ಲಿದೆ. ಪದವಿ ಪ್ರವೇಶ ಯುಯುಸಿಎಂಎಸ್ ಪೋರ್ಟಲಿನಲ್ಲಿದೆ. ವಿದ್ಯಾರ್ಥಿವೇತನಕ್ಕೆ ಇನ್ನೊಂದು ಪೋರ್ಟಲು, ಬಡತನಕ್ಕೆ ಪಡಿತರ ಚೀಟಿಯ ದಾಖಲೆ. ಇಷ್ಟೂ ಒಂದೇ ಸರ್ಕಾರದವು. ಆದರೂ ಹುಡುಗ ಅದೇ ಸರ್ಕಾರದ ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ತಂದು, ಸೈಬರ್ ಸೆಂಟರಿನಲ್ಲಿ ಕೂತು, ಅಪ್ಪನ ಮೊಬೈಲಿಗೆ ಬರುವ ಓಟಿಪಿಗಾಗಿ ಕಾಯುತ್ತಾನೆ. ಅಪ್ಪ ಕೂಲಿಗೆ ಹೋಗಿರುತ್ತಾನೆ.

ನೆರೆಯ ತಮಿಳುನಾಡು ಒಂದು ಹೆಜ್ಜೆ ಮುಂದಿಟ್ಟಿದೆ. ‘ನಾನ್ ಮುದಲ್ವನ್’ ಯೋಜನೆಯ ಅಡಿಯಲ್ಲಿ ‘ಉಯರ್ವುಕ್ಕು ಪಡಿ’ ಎಂಬ ಶಿಬಿರಗಳನ್ನು ನಡೆಸಿ, 12ನೆಯ ತರಗತಿ ಮುಗಿಸಿಯೂ ಕಾಲೇಜಿಗೆ ಸೇರದ ಸರ್ಕಾರಿ ಶಾಲೆಯ ಮಕ್ಕಳನ್ನು ಶಾಲಾ ದಾಖಲೆಗಳ ಮೂಲಕ ಗುರುತಿಸಿ ಕರೆಸುತ್ತಾರೆ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ‘ಪುದುಮೈ ಪೆಣ್’ ಯೋಜನೆ 2022ರ ಸೆಪ್ಟೆಂಬರಿನಲ್ಲಿ ಶುರುವಾಯಿತು.

ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಅನುಪಾತ 2021-22ರ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 28.4, ಕರ್ನಾಟಕದಲ್ಲಿ ಶೇ. 36.2. ದೇಶಕ್ಕಿಂತ ಮೇಲಿದ್ದೇವೆ, ನಿಜ. ಆದರೂ ಹತ್ತರಲ್ಲಿ ಆರು ಮಂದಿಯಷ್ಟು ಹೊರಗಿದ್ದಾರೆ.

ನನ್ನ ಸಲಹೆ ಚಿಕ್ಕದು. ದ್ವಿತೀಯ ಪಿಯುಸಿ ಅಂಕಪಟ್ಟಿಯ ಜೊತೆಯಲ್ಲೇ, ತೇರ್ಗಡೆಯಾದ ಪ್ರತಿ ವಿದ್ಯಾರ್ಥಿಗೂ ಒಂದು ಪತ್ರ ಕೊಡಿ. ಅವರ ಮನೆಗೆ ಹತ್ತಿರದ ಕನಿಷ್ಠ ಮೂರು ಸರ್ಕಾರಿ ಅಥವಾ ಅನುದಾನಿತ ಕಾಲೇಜುಗಳಲ್ಲಿ ಯಾವ ಕೋರ್ಸಿಗೆ ಸೀಟು ಕಾದಿರಿಸಿದೆ ಎಂದು ಅದರಲ್ಲಿ ಹೆಸರು ಹಿಡಿದು ಬರೆಯಿರಿ. ಒಟ್ಟು ಖರ್ಚು ಎಷ್ಟು, ಅದರಲ್ಲಿ ಎಷ್ಟು ಮಾಫಿ, ಹಾಸ್ಟೆಲು ಸಿಗದಿದ್ದರೆ ವಿದ್ಯಾಸಿರಿಯಂಥ ಯೋಜನೆಯಿಂದ ತಿಂಗಳಿಗೆ ಎಷ್ಟು ಬರುತ್ತದೆ ಎಂಬುದನ್ನು ರೂಪಾಯಿ ಲೆಕ್ಕದಲ್ಲಿ ಹೇಳಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚೇ ಇಲ್ಲ; ಅದನ್ನೂ ಬರೆಯಿರಿ. ಸೇರಲು ವಿದ್ಯಾರ್ಥಿ ಒಂದು ಸಹಿ ಮಾಡಿದರೆ ಸಾಕಾಗಲಿ. ಸೇರದೆ ಉಳಿದವರ ಪಟ್ಟಿ ಜೂನ್ ಕೊನೆಗೆ ತಾಲ್ಲೂಕಿನ ಒಬ್ಬ ಪ್ರಾಂಶುಪಾಲರ ಕೈಗೆ ಬರಲಿ. ಆ ಮನೆಗಳಿಗೆ ಹೋಗುವುದನ್ನು ಉಪನ್ಯಾಸಕರ ಕಾರ್ಯಭಾರವೆಂದೇ ಎಣಿಸಲಿ. ಆ ಪಟ್ಟಿ ಯಾವ ಖಾಸಗಿ ಏಜೆಂಟನ ಕೈಗೂ ಹೋಗಬಾರದು, ತಲೆಗಿಷ್ಟು ಎಂಬ ಕಮಿಷನ್ ಯಾರಿಗೂ ಇರಬಾರದು. ಮಗಳಿಗೆ ನರ್ಸಿಂಗ್ ಬೇಕು, ಮಗನಿಗೆ ಐಟಿಐ ಬೇಕು ಎಂದರೆ ಅದೂ ಒಂದು ಆಯ್ಕೆಯೇ; ಅಲ್ಲಿಗೇ ದಾರಿ ತೋರಿಸಿ ಬನ್ನಿ.

ಇಷ್ಟು ಮಾಡಿದರೆ ಎಲ್ಲರೂ ಕಾಲೇಜಿಗೆ ಬರುತ್ತಾರೆಂಬ ಭ್ರಮೆ ನನಗಿಲ್ಲ. ಐಡಾಹೊದ ಅಂಕಿ ಅಂಶ ನೋಡಿದ ಮೇಲೆ ಅದು ಸಾಧ್ಯವೂ ಇಲ್ಲ. ಪತ್ರ ಬಂದ ಮೇಲೂ ಮದುವೆ ನಿಶ್ಚಯವಾಗುವ ಹುಡುಗಿಯರಿರುತ್ತಾರೆ, ಗಾರ್ಮೆಂಟ್ಸ್ ಬಸ್ಸು ಹತ್ತುವವರಿರುತ್ತಾರೆ. ಬಂದವರಿಗೆ ಪಾಠ ಮಾಡಲು ಕಾಯಂ ಮೇಷ್ಟ್ರು ಬೇಕು, ಪ್ರಯೋಗಾಲಯ ಬೇಕು. ಕರೆದು ತಂದು ಖಾಲಿ ತರಗತಿಯಲ್ಲಿ ಕೂರಿಸಿದರೆ ಮುಂದಿನ ವರ್ಷ ಪತ್ರವನ್ನು ಯಾರೂ ಒಡೆದು ನೋಡುವುದಿಲ್ಲ.

ಈ ಸಭೆಯಲ್ಲಿ ಪ್ರಾಂಶುಪಾಲರಿದ್ದೀರಿ, ಇಲಾಖೆಯ ಅಧಿಕಾರಿಗಳಿದ್ದೀರಿ. ರಾಜ್ಯದ ಆದೇಶಕ್ಕೆ ಕಾಯಬೇಕಿಲ್ಲ. ಮುಂದಿನ ದ್ವಿತೀಯ ಪಿಯುಸಿ ಫಲಿತಾಂಶಕ್ಕೆ ಒಂದು ತಾಲ್ಲೂಕನ್ನು ಆರಿಸಿಕೊಳ್ಳಿ. ತೇರ್ಗಡೆಯಾದವರೆಷ್ಟು, ಎಲ್ಲಾದರೂ ಸೇರಿದವರೆಷ್ಟು ಎಂದು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಉಳಿದ ಹೆಸರುಗಳ ಮನೆಗೆ ಹೋಗಿ, ಸೀಟಿನ ಪತ್ರವನ್ನೂ ಖರ್ಚಿನ ಲೆಕ್ಕವನ್ನೂ ಜೊತೆಗೆ ಒಯ್ಯಿರಿ. ಫಲಿತಾಂಶ ಏನೇ ಬರಲಿ, ಅದನ್ನು ಮುಚ್ಚಿಡದೆ ಪ್ರಕಟಿಸಿ.